40 ಡಿಗ್ರಿ ಬಿಸಿಲಿನ ಊರಲ್ಲಿ ರೆಂಡರ್ ಪಿಸಿಗೆ ವಾಟರ್ ಕೂಲಿಂಗ್: ಎರಡು 360 ರೇಡಿಯೇಟರ್ ಸಾಕಾ?

ಬಳ್ಳಾರಿ ಬಿಸಿಲು:

ಎಲ್ಲರಿಗೂ ನಮಸ್ಕಾರ. ರೈಜನ್ 9 7950ಎಕ್ಸ್ ಸಿಪಿಯು, ಆರ್‌ಟಿಎಕ್ಸ್ 4080 ಜಿಪಿಯು ಇರುವ ಪಿಸಿ. ಕೆಲಸ ಬ್ಲೆಂಡರ್ (3ಡಿ ತಂತ್ರಾಂಶ) ಸೈಕಲ್ಸ್ ರೆಂಡರ್, ಒಮ್ಮೆ ಶುರುವಾದರೆ ಗಂಟೆಗಟ್ಟಲೆ ಓಡುತ್ತದೆ. ರೂಮಲ್ಲಿ ಎಸಿ ಇಲ್ಲ, ಏರ್ ಕೂಲರ್ ಇದೆ. ಏಪ್ರಿಲ್-ಮೇನಲ್ಲಿ ಸಂಜೆ ರೂಮಿನೊಳಗೇ 37-38 ಡಿಗ್ರಿ ಇರುತ್ತೆ. ಈಗಿರುವ ಗಾಳಿಯ ಕೂಲರ್‌ಗಳ ಫ್ಯಾನ್ ಸದ್ದು ವಿಪರೀತ.

ಕಸ್ಟಮ್ ಲೂಪ್ (ಪಂಪ್, ಟ್ಯೂಬ್, ರೇಡಿಯೇಟರ್ ಬಿಡಿಯಾಗಿ ತಂದು ನಾವೇ ಜೋಡಿಸುವ ನೀರಿನ ಸುತ್ತು) ಮಾಡೋಣ ಅಂತ. ಕೇಸ್‌ನ ಮೇಲ್ಗಡೆ ಒಂದು 360 (ಮೂರು 120 ಎಂಎಂ ಫ್ಯಾನ್ ಕೂರುವ ರೇಡಿಯೇಟರ್), ಮುಂದೆ ಒಂದು 360 ಕೂರುತ್ತೆ. ಕೇಳಬೇಕಾದ್ದು ಇಷ್ಟು:

ಎರಡು ರೇಡಿಯೇಟರ್ ಸಾಕಾಗುತ್ತಾ? ಸಿಪಿಯು ಆದ ಮೇಲೆ ಒಂದು ರೇಡಿಯೇಟರ್, ಜಿಪಿಯು ಆದ ಮೇಲೆ ಇನ್ನೊಂದು, ಹೀಗೇ ಕ್ರಮ ಇರಬೇಕಾ? ಗುಜರಿಯಲ್ಲಿ ಕಾರಿನ ರೇಡಿಯೇಟರ್ ಅಗ್ಗಕ್ಕೆ ಸಿಗುತ್ತೆ, ಏರ್ ಕೂಲರ್ ಪಂಪ್ ಮನೆಯಲ್ಲೇ ಇದೆ, ಇವನ್ನು ಬಳಸಬಹುದಾ? ನೀರು ಯಾವುದು, ಆರ್‌ಒ ನಡೆಯುತ್ತಾ, ಬ್ಯಾಟರಿ ನೀರಾ?

ತಾಮ್ರಪಟ:

ಪಾರ್ಟ್ಸ್ ಲಿಸ್ಟ್ ಆಮೇಲೆ, ಮೊದಲು ವ್ಯಾಟ್ ಲೆಕ್ಕ. 7950ಎಕ್ಸ್ ಡಬ್ಬಿ ಮೇಲೆ 170 ವ್ಯಾಟ್ ಅಂತ ಬರೆದಿದ್ದರೂ ಎಎಂ5 (ಆ ಸಿಪಿಯು ಕೂರುವ ಸಾಕೆಟ್) ಬೋರ್ಡ್ ಅದಕ್ಕೆ 230 ವ್ಯಾಟ್‌ವರೆಗೆ ಬಿಡುತ್ತದೆ. 4080ಗೆ 320. ಪಂಪ್ ತಿನ್ನುವ ಕರೆಂಟ್ ಕೂಡ ಕೊನೆಗೆ ನೀರಿಗೇ ಸೇರುವುದರಿಂದ ಅದಕ್ಕೊಂದು 20. ಎಲ್ಲ ಸೇರಿ 570 ವ್ಯಾಟ್.

ರೇಡಿಯೇಟರ್ ಕಡೆ ಒರಟು ಲೆಕ್ಕ ಹೀಗಿದೆ: 30 ಎಂಎಂ ದಪ್ಪದ ತಾಮ್ರದ ರೇಡಿಯೇಟರ್, ಫ್ಯಾನ್ 1200 ಆರ್‌ಪಿಎಂ ಸುಮಾರು, ಒಳಬರುವ ಗಾಳಿಗಿಂತ ನೀರು 10 ಡಿಗ್ರಿ ಬಿಸಿ. ಈ ಸ್ಥಿತಿಯಲ್ಲಿ ಪ್ರತಿ 120 ಎಂಎಂ ಜಾಗ 80ರಿಂದ 100 ವ್ಯಾಟ್ ಹೊರಹಾಕುತ್ತದೆ. ನಿಮ್ಮಲ್ಲಿ ಅಂಥ ಆರು ಜಾಗ. 90ರಂತೆ ಹಿಡಿದರೆ 540. ಅಂದರೆ ಪೂರ್ತಿ 570 ವ್ಯಾಟ್ ಬಿದ್ದಾಗ ನೀರು ಗಾಳಿಗಿಂತ 10-11 ಡಿಗ್ರಿ ಮೇಲೆ ನಿಲ್ಲುತ್ತದೆ. ಬೆಂಗಳೂರಲ್ಲಿ ಇದು ಆರಾಮದ ಲೂಪ್. 38 ಡಿಗ್ರಿ ರೂಮಲ್ಲಿ ನೀರು 49 ಆಗುತ್ತದೆ, ಮೇಲಿನ ರೇಡಿಯೇಟರ್‌ಗೆ ಕೇಸ್ ಒಳಗಿನ ಬಿಸಿ ಗಾಳಿ ಸಿಕ್ಕರೆ 51-52. ಇಂಥ ಲೂಪ್‌ಗೆ ಸಾಮಾನ್ಯವಾಗಿ ಹಾಕುವ ಡಿ5 ಪಂಪ್‌ಗೆ ನೀರು 60 ದಾಟಬಾರದು. ದಾಟುವುದಿಲ್ಲ, ಆದರೆ ಹತ್ತಿರಕ್ಕೇ ಹೋಗಿ ಕೂತಂತಾಯ್ತು.

ಇದಕ್ಕೆ ಮೂರನೇ ರೇಡಿಯೇಟರ್ ಕೊಳ್ಳುವ ಮೊದಲು ವ್ಯಾಟ್ ಇಳಿಸಿ. ಸೈಕಲ್ಸ್ ಪ್ರಿಫರೆನ್ಸಸ್‌ನಲ್ಲಿ ಜಿಪಿಯು ಜೊತೆ ಸಿಪಿಯುಗೂ ಟಿಕ್ ಹಾಕಿದ್ದೀರಾ ನೋಡಿ. 4080 ಆಪ್ಟಿಎಕ್ಸ್‌ನಲ್ಲಿ (ಎನ್‌ವಿಡಿಯಾ ಕಾರ್ಡ್‌ನ ರೆಂಡರ್ ವಿಧಾನ) ಮಾಡುವ ಕೆಲಸದ ಹತ್ತನೇ ಒಂದು ಪಾಲನ್ನೂ 7950ಎಕ್ಸ್ ಮಾಡುವುದಿಲ್ಲ, ಆದರೆ 200ಕ್ಕೂ ಹೆಚ್ಚು ವ್ಯಾಟ್ ಉರಿಸುತ್ತದೆ. ಆ ಟಿಕ್ ತೆಗೆದರೆ ರೆಂಡರ್ ವೇಳೆ ಸಿಪಿಯು 60-70 ವ್ಯಾಟ್‌ನಲ್ಲಿ ಇರುತ್ತದೆ, ಒಟ್ಟು 410ರ ಆಸುಪಾಸು. ನೀರು ಗಾಳಿಗಿಂತ 7-8 ಡಿಗ್ರಿ ಮಾತ್ರ ಮೇಲೆ. ಕಾಸು ಖರ್ಚಿಲ್ಲದೆ ಅರ್ಧ ರೇಡಿಯೇಟರ್‌ಗಿಂತ ಹೆಚ್ಚು ಸಿಕ್ಕ ಲೆಕ್ಕ. ಸಿಪಿಯುಗೇ ಹೊರೆ ಬೀಳುವ ಸಿಮ್ಯುಲೇಶನ್ ಕೆಲಸ ಇದ್ದರೆ ಬಯೋಸ್‌ನಲ್ಲಿ 105 ವ್ಯಾಟ್ ಇಕೋ ಮೋಡ್ ಹಾಕಿ. ಆಗ ಅದರ ನಿಜವಾದ ಮಿತಿ 142 ವ್ಯಾಟ್.

ಒಂದು ಮಾತು ಈಗಲೇ ತಿಳಿದಿರಲಿ: ಇಷ್ಟೆಲ್ಲ ಮಾಡಿದರೂ ಮಿತಿ ಇಳಿಸದ 7950ಎಕ್ಸ್ 95 ಡಿಗ್ರಿ ಮುಟ್ಟುತ್ತದೆ. ಅದನ್ನು ಮಾಡಿರುವುದೇ ಹಾಗೆ, 95ರವರೆಗೆ ಎಷ್ಟು ಓಡಬಹುದೋ ಅಷ್ಟು ಓಡುತ್ತದೆ. ಸಣ್ಣ ಚಿಪ್‌ಲೆಟ್‌ಗಳಿಂದ 230 ವ್ಯಾಟ್ ಮೇಲೆ ಬರಬೇಕು, ಅಡಚಣೆ ಇರುವುದು ಚಿಪ್ ಮತ್ತು ಬ್ಲಾಕ್ (ಚಿಪ್ ಮೇಲೆ ಕೂರುವ, ಒಳಗೆ ನೀರು ಹರಿಯುವ ಲೋಹದ ತುಂಡು) ನಡುವೆ. ರೇಡಿಯೇಟರ್ ಎಷ್ಟು ದೊಡ್ಡದಿದ್ದರೂ ಅದು ಹೋಗಲ್ಲ. ಲೂಪ್‌ನಿಂದ ನಿಜವಾದ ಲಾಭ ಜಿಪಿಯುಗೆ. ಪೂರ್ತಿ 320 ವ್ಯಾಟ್ ಇದ್ದರೂ ಒಳ್ಳೆಯ ಬ್ಲಾಕ್‌ನಲ್ಲಿ ಅದರ ಕೋರ್ ನೀರಿಗಿಂತ 12-15 ಡಿಗ್ರಿ ಮಾತ್ರ ಮೇಲಿರುತ್ತದೆ. ಸಿಪಿಯುಗೆ ಮಾತ್ರ ಅಂತ ಕಸ್ಟಮ್ ಲೂಪ್ ಮಾಡುವವರಿಗೆ ನನ್ನ ಉತ್ತರ ಯಾವಾಗಲೂ ಒಂದೇ, ಬೇಡ.

ಇನ್ನು ಕ್ರಮ. ನಿಮಿಷಕ್ಕೆ ಒಂದು ಲೀಟರ್ ನೀರು ಹರಿದರೆ 70 ವ್ಯಾಟ್‌ಗೆ ಒಂದು ಡಿಗ್ರಿ ಏರುತ್ತದೆ. ಡಿ5 ಇಂಥ ಲೂಪ್‌ನಲ್ಲಿ ನಿಮಿಷಕ್ಕೆ 3-4 ಲೀಟರ್ ಸಲೀಸಾಗಿ ತಳ್ಳುತ್ತದೆ. 3.5 ಲೀಟರ್ ಹಿಡಿದರೆ 245 ವ್ಯಾಟ್‌ಗೆ ಒಂದು ಡಿಗ್ರಿ. ನಿಮ್ಮ 410 ವ್ಯಾಟ್‌ಗೆ ಲೂಪ್‌ನ ಅತಿ ಬಿಸಿ ಜಾಗಕ್ಕೂ ಅತಿ ತಣ್ಣನೆ ಜಾಗಕ್ಕೂ ಇರುವ ವ್ಯತ್ಯಾಸ ಎರಡು ಡಿಗ್ರಿ ಒಳಗೆ. ಹಾಗಾಗಿ ಟ್ಯೂಬ್ ಎಲ್ಲಿ ಚಿಕ್ಕದಾಗುತ್ತೋ, ತಿರುವು ಎಲ್ಲಿ ಕಡಿಮೆಯೋ ಆ ಕ್ರಮ. ಒಂದೇ ನಿಯಮ ಮುರಿಯುವಂತಿಲ್ಲ: ರಿಸರ್ವಾಯರ್ ನೇರವಾಗಿ ಪಂಪ್‌ನ ಒಳಬಾಯಿಗೆ, ಪಂಪ್‌ಗಿಂತ ಮೇಲೆ.

ಸ್ಕ್ರೂಡ್ರೈವರ್:

ಗುಜರಿ ರೇಡಿಯೇಟರ್ ಬೇಡ. ಈಗಿನ ಕಾರುಗಳ ರೇಡಿಯೇಟರ್, ಹೀಟರ್ ಕೋರ್ ಬಹುಪಾಲು ಅಲ್ಯೂಮಿನಿಯಂ. ಬ್ಲಾಕ್ ತಾಮ್ರದ್ದು. ಒಂದೇ ನೀರಿನಲ್ಲಿ ಎರಡೂ ಇದ್ದರೆ ಅದು ಬ್ಯಾಟರಿ ಸೆಲ್, ಕರಗುವುದು ಅಲ್ಯೂಮಿನಿಯಂ. ಬಿಳಿ ಬೂದಿಯಂಥ ಕೆಸರು ಬಂದು ಬ್ಲಾಕ್‌ನ ಕೂದಲೆಳೆ ಫಿನ್‌ಗಳಲ್ಲಿ ಕೂರುತ್ತದೆ, ಕೊನೆಗೆ ರೇಡಿಯೇಟರ್ ತೂತು. ರೆಡಿಮೇಡ್ ಎಐಒಗಳಲ್ಲಿ (ಕಾರ್ಖಾನೆಯಲ್ಲೇ ನೀರು ತುಂಬಿ ಬರುವ ಕೂಲರ್) ಅಲ್ಯೂಮಿನಿಯಂ ರೇಡಿಯೇಟರ್, ತಾಮ್ರದ ತಟ್ಟೆ ಜೊತೆಗಿರುತ್ತಲ್ಲ ಅಂತ ಕೇಳಬಹುದು. ಅಲ್ಲಿ ತುಕ್ಕುತಡೆ ರಾಸಾಯನಿಕ ಹಾಕಿ ಸೀಲ್ ಮಾಡಿರುತ್ತಾರೆ, ಹೊಸ ಗಾಳಿ ಹೆಚ್ಚು ಸೇರಲ್ಲ, ಆಯಸ್ಸೂ ಎಣಿಸಿದ್ದೇ. ನೀವು ಬಿಚ್ಚಿ ತುಂಬುವ ಲೂಪ್‌ಗೆ ಆ ಧೈರ್ಯ ಸಲ್ಲ. ತಾಮ್ರ, ಹಿತ್ತಾಳೆ, ನಿಕಲ್ ಲೇಪ, ಇಷ್ಟರಲ್ಲೇ ಮುಗಿಸಿ. ಕೊಳ್ಳುವಾಗ "ತಾಮ್ರದ ಬಣ್ಣ" ಅಂತ ಮಾರುವ ಅಗ್ಗದ ಅಲ್ಯೂಮಿನಿಯಂ ರೇಡಿಯೇಟರ್‌ಗಳೂ ಇವೆ. ಕೈಯಲ್ಲಿ ಎತ್ತಿದರೆ ತೂಕದಲ್ಲೇ ಗೊತ್ತಾಗುತ್ತದೆ.

ಏರ್ ಕೂಲರ್ ಪಂಪ್: 230 ವೋಲ್ಟ್ ಎಸಿ ಪಂಪನ್ನು ನೀರಲ್ಲಿ ಮುಳುಗಿಸಿ, ಆ ನೀರನ್ನು ಲೋಹದ ಬ್ಲಾಕ್ ಮೂಲಕ ಮದರ್‌ಬೋರ್ಡ್ ಪಕ್ಕ ಹಾಯಿಸುವುದು. ಪಂಪ್‌ನ ಸೀಲ್ ಸೋತ ದಿನ ಏನಾಗುತ್ತೆ ಯೋಚಿಸಿ. ಅದೂ ಬೇಡವೆಂದರೆ, ಆ ಪಂಪ್ ನಿಂತರೆ ಬೋರ್ಡ್‌ಗೆ ತಿಳಿಯುವ ದಾರಿಯೇ ಇಲ್ಲ. ಡಿ5 ಆದರೆ ತಿರುಗುವ ವೇಗ ತೋರಿಸುವ ವೈರ್ ಇರುತ್ತದೆ, ಅದನ್ನು ಸಿಪಿಯು ಫ್ಯಾನ್ ಹೆಡರ್‌ಗೇ (ಬೋರ್ಡ್ ಮೇಲಿನ ಪಿನ್‌ಗಳು) ಹಾಕಿ. ಪಂಪ್ ತಿರುಗದಿದ್ದರೆ ಬೋರ್ಡ್ ಬೂಟ್ ವೇಳೆಗೇ ತಡೆದು ಎಚ್ಚರಿಸುತ್ತದೆ. ಪವರ್ ಮಾತ್ರ ಹೆಡರ್‌ನಿಂದ ಅಲ್ಲ, ಪಿಎಸ್‌ಯುನ (ಪವರ್ ಸಪ್ಲೈ) ಸಾಟಾ ಅಥವಾ ಮೊಲೆಕ್ಸ್‌ನಿಂದ. ಹೆಡರ್‌ಗಳು ಸಾಮಾನ್ಯವಾಗಿ ಒಂದು ಆಂಪಿಯರ್‌ಗೆ ಮಾಡಿದವು, ಡಿ5 ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಆರು ಫ್ಯಾನ್‌ಗಳಿಗೂ ಇದೇ ಮಾತು, ಸಾಟಾ ಪವರ್ ಇರುವ ಹಬ್ ಹಾಕಿ.

ನೀರು: ಆರ್‌ಒ ನೀರಿನಲ್ಲಿ ಲವಣ ಪೂರ್ತಿ ಹೋಗಿರಲ್ಲ, ರುಚಿಗೆಂದು ಮತ್ತೆ ಬೆರೆಸುವ ಯಂತ್ರಗಳೂ ಇವೆ. ಬ್ಯಾಟರಿ ನೀರು ಅಂಗಡಿಯಿಂದ ಅಂಗಡಿಗೆ ಬೇರೆ. ಟಿಡಿಎಸ್ ಮೀಟರ್‌ನಲ್ಲಿ 0-2 ತೋರಿಸಿದರೂ ಅದು ಶುದ್ಧತೆಗೆ ಪುರಾವೆ ಮಾತ್ರ, ತುಕ್ಕಿಗೆ, ಪಾಚಿಗೆ ತಡೆ ಅಲ್ಲ. ಬರಿ ನೀರನ್ನು ಲೂಪ್‌ನಲ್ಲಿ ಓಡಿಸಲೇಬಾರದು. ಪಿಸಿಗೆಂದೇ ಮಾರುವ ಕಾನ್ಸಂಟ್ರೇಟನ್ನು ಡಿಸ್ಟಿಲ್ಡ್ ವಾಟರ್‌ಗೆ ಬೆರೆಸಿ, ಅಥವಾ ಸಿದ್ಧ ಕೂಲಂಟ್ ತನ್ನಿ. ಬಣ್ಣವಿಲ್ಲದ್ದು. ಹಾಲಿನಂತೆ ಕಾಣುವ ಪೇಸ್ಟಲ್ ಬಣ್ಣದವು ಫೋಟೋಗೆ ಚಂದ, ಅವುಗಳ ಕಣ ಇಳಿದು ಫಿನ್ ಕಟ್ಟಿಕೊಳ್ಳುತ್ತದೆ, ಬಿಸಿ ಊರಲ್ಲಂತೂ ಬೇಗ.

ಎಷ್ಟು ಬೇಕು ಅಂದರೆ, 10 ಎಂಎಂ ಒಳಅಳತೆಯ ಟ್ಯೂಬ್ ಮೀಟರಿಗೆ 80 ಎಂಎಲ್ ಹಿಡಿಯುತ್ತದೆ. ಎರಡು ಮೀಟರ್ ಟ್ಯೂಬ್, ಎರಡು 360, ಒಂದು ಕಾಲು ಲೀಟರ್ ರಿಸರ್ವಾಯರ್, ಬ್ಲಾಕ್‌ಗಳು ಎಲ್ಲ ಸೇರಿ ಒಂದು ಲೀಟರ್ ಆಸುಪಾಸು. ಕೂಲಂಟ್ ಎರಡು ಲೀಟರ್ ಇಟ್ಟುಕೊಳ್ಳಿ. ತೊಳೆಯಲು ಬೇರೆಯಾಗಿ ಐದು ಲೀಟರ್ ಡಿಸ್ಟಿಲ್ಡ್.

ಬಳ್ಳಾರಿ ಬಿಸಿಲು:

ಸಿಪಿಯು ಟಿಕ್ ಹಾಕಿಯೇ ಇತ್ತು, ತೆಗೆದೆ. ಫ್ರೇಮ್ ಟೈಮ್ ಹೆಚ್ಚುಕಡಿಮೆ ಅಷ್ಟೇ ಇದೆ.

ಇನ್ನೆರಡು ಕೇಳ್ತೀನಿ. ಏರ್ ಕೂಲರ್ ಗಾಳಿಯನ್ನು ನೇರ ಕೇಸ್ ಮುಂದಕ್ಕೆ ಬಿಟ್ಟರೆ ನೀರು ಇನ್ನೂ ತಣ್ಣಗಾಗುತ್ತಲ್ಲ, ಒಳಗೆ ಬೆವರು ಹಿಡಿಯುತ್ತಾ? ಮತ್ತೆ ಗಟ್ಟಿ ಟ್ಯೂಬಾ, ಮೆತ್ತನೆಯದಾ?

ಕರಾವಳಿ ಕಂಪ್ಯೂಟರ್:

ಬೆವರು ಹಿಡಿಯುವುದು ತಣ್ಣನೆ ಮೈ ಸುತ್ತಲಿನ ಗಾಳಿಯ ಇಬ್ಬನಿ ಬಿಂದುವಿಗಿಂತ ಕೆಳಗಿಳಿದಾಗ. ರೇಡಿಯೇಟರ್ ಇರುವ ಲೂಪ್‌ನಲ್ಲಿ ನೀರು ತನಗೆ ಬಡಿಯುವ ಗಾಳಿಗಿಂತ ಕೆಳಗೆ ಹೋಗುವುದೇ ಇಲ್ಲ, ಹಾಗಾಗಿ ಮಂಗಳೂರಿನ ಸೆಕೆಯಲ್ಲೂ ಆ ಭಯವಿಲ್ಲ. ಚಿಲ್ಲರ್ (ಫ್ರಿಜ್‌ನಂತೆ ನೀರನ್ನು ತಣಿಸುವ ಯಂತ್ರ) ಹಾಕಿದವರಿಗೆ ಮಾತ್ರ ಆ ತಲೆನೋವು.

ಆದರೂ ಕೂಲರ್ ಬಾಯಿಗೆ ಕೇಸ್ ಇಡಬೇಡಿ. ಹುಲ್ಲಿನ ಪ್ಯಾಡ್‌ನಿಂದ ಗಾಳಿ ಜೊತೆ ಸಣ್ಣ ಹನಿಗಳು ಹಾರಿ ಬರುತ್ತವೆ. ಬೋರ್‌ವೆಲ್ ನೀರಾದರೆ ಹನಿ ಒಣಗಿದ ಕಡೆ ಉಪ್ಪು ಉಳಿಯುತ್ತದೆ. ಅದರ ಮೇಲೆ ಧೂಳು, ಆಮೇಲೆ ಮತ್ತೆ ತೇವ. ಬೋರ್ಡ್‌ಗೆ ಅದು ಸೋರಿಕೆಗಿಂತ ಮೋಸದ್ದು, ಯಾಕೆಂದರೆ ಕಣ್ಣಿಗೆ ಕಾಣಲ್ಲ. ಕೂಲರ್ ರೂಮನ್ನು ತಣ್ಣಗಿಡಲಿ, ಪಿಸಿ ಎರಡು-ಮೂರು ಮೀಟರ್ ದೂರ, ಪಕ್ಕಕ್ಕೆ ಇರಲಿ. ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಕೂಲರ್ ರೂಮಿಗೆ ಬರಿ ತೇವ ತುಂಬುತ್ತದೆ. ಪಿಸಿ ಬಿಡುವ 400 ವ್ಯಾಟ್ ಶಾಖವೂ ರೂಮಲ್ಲೇ ಉಳಿಯುತ್ತದೆ. ವಾಟರ್ ಕೂಲಿಂಗ್ ಹಾಕಿದ ಮಾತ್ರಕ್ಕೆ ರೂಮಿಗೆ ಸೇರುವ ಬಿಸಿ ಒಂದು ವ್ಯಾಟೂ ಕಡಿಮೆಯಾಗಲ್ಲ.

ಗಾಳಿಯ ದಿಕ್ಕು ಯಾರೂ ಹೇಳಲಿಲ್ಲ. ಮುಂದಿನದು ಒಳಕ್ಕೆ, ಮೇಲಿನದು ಹೊರಕ್ಕೆ ಅನ್ನುವುದು ರೂಢಿ. ಲೆಕ್ಕ ಹಾಕಿ ನೋಡಿ: ಮುಂದಿನ ಮೂರು ಫ್ಯಾನ್ ರೇಡಿಯೇಟರ್ ಮೂಲಕ ಎಳೆಯುವ ಗಾಳಿಗೆ 60 ವ್ಯಾಟ್‌ಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಅಲ್ಲಿ 200 ವ್ಯಾಟ್ ಬಿಟ್ಟರೆ ಗಾಳಿ 3-4 ಡಿಗ್ರಿ ಬಿಸಿಯಾಗಿ ಮೇಲಿನ ರೇಡಿಯೇಟರ್‌ಗೆ ಸಿಗುತ್ತದೆ. ನಿಮಗೆ ಇರುವುದೇ 7-8 ಡಿಗ್ರಿ ಅಂತರ, ಅದರಲ್ಲಿ ಅರ್ಧ ಹೋಯ್ತು. ನನ್ನ ಸಲಹೆ: ಎರಡೂ ಒಳಕ್ಕೆ, ಹಿಂದೆ ಒಂದು 140 ಹೊರಕ್ಕೆ, ಹಿಂಬದಿ ಪಿಸಿಐ ಪಟ್ಟಿಗಳು ಜಾಲರಿಯವು. ಆರು ಫ್ಯಾನ್ ತುಂಬಿದ ಗಾಳಿ ಸಂದುಗಳಲ್ಲಿ ಹೊರಗೆ ಹೋಗುತ್ತದೆ. ಮೇಲಕ್ಕೆ ಒಂದು ಧೂಳಿನ ಜಾಲರಿ ಕಡ್ಡಾಯ.

ತಾಮ್ರಪಟ:

ಎರಡೂ ಒಳಕ್ಕೆ ಅನ್ನುವುದನ್ನು ಪೂರ್ತಿ ಒಪ್ಪಲಾರೆ. ನೀರಿನ ಉಷ್ಣತೆ ಒಂದೆರಡು ಡಿಗ್ರಿ ಇಳಿಯುವುದು ನಿಜ, ಆದರೆ ಆ 41-42 ಡಿಗ್ರಿ ಗಾಳಿಯೆಲ್ಲ ವಿಆರ್‌ಎಂ (ಸಿಪಿಯುಗೆ ಕರೆಂಟ್ ಕೊಡುವ ಭಾಗ), ರ‍್ಯಾಮ್, ಎನ್‌ವಿಎಂಇ ಡ್ರೈವ್ ಮೇಲೇ ಹಾಯಬೇಕು. ಜಿಪಿಯು ಬ್ಲಾಕ್ ಹಾಕಿದ ಮೇಲೆ ಕೇಸ್ ಒಳಗೆ ಬೇರೆ ಫ್ಯಾನೂ ಇರಲ್ಲ. ಡ್ರೈವ್‌ಗೆ ಹೀಟ್‌ಸಿಂಕ್ ಇದ್ದರೆ ಮಾಡಿ ನೋಡಿ. ಫ್ಯಾನ್ ತಿರುಗಿಸಿ ಹಾಕಲು ಹೇಗೂ ಲೂಪ್ ಬಿಚ್ಚಬೇಕಿಲ್ಲ. ಎರಡೂ ರೀತಿ ಅರ್ಧ ಗಂಟೆ ಓಡಿಸಿ, ನೀರು ಮತ್ತು ಡ್ರೈವ್ ಎರಡರದ್ದೂ ಬರೆದುಕೊಳ್ಳಿ.

ಟ್ಯೂಬ್: ಕಪ್ಪು ಇಪಿಡಿಎಂ ರಬ್ಬರ್, 10/16 ಎಂಎಂ (ಒಳ/ಹೊರ ಅಳತೆ). ಪಾರದರ್ಶಕ ಪಿವಿಸಿಯಿಂದ ಪ್ಲಾಸ್ಟಿಸೈಸರ್ ನೀರಿಗಿಳಿದು ಅಂಟಾಗಿ ಫಿನ್‌ಗೆ ಹಿಡಿಯುತ್ತದೆ, ನೀರು ಬಿಸಿಯಿದ್ದಷ್ಟೂ ಬೇಗ. ಗಟ್ಟಿ ಟ್ಯೂಬ್‌ನಲ್ಲಿ ಪಿಇಟಿಜಿ ನಿಮ್ಮ ಊರಿಗೆ ಬೇಡ. ಪಂಪ್ ನಿಂತು ಬ್ಲಾಕ್ ಹತ್ತಿರ ನೀರು ಕಾದರೆ ಫಿಟಿಂಗ್ ಒಳಗೇ ಮೆತ್ತಗಾಗಿ ಜಾರುತ್ತದೆ.

ಜೋಡಿಸುವಾಗ ತಪ್ಪುವ ಜಾಗಗಳು:

ಹೊಸ ರೇಡಿಯೇಟರ್ ಒಳಗೆ ಬೆಸುಗೆಯ ಫ್ಲಕ್ಸ್ ಉಳಿದಿರುತ್ತದೆ. ಬಿಸಿ ನೀರು ಅರ್ಧ ತುಂಬಿ, ಬಾಯಿ ಮುಚ್ಚಿ ಎರಡು ನಿಮಿಷ ಜೋರಾಗಿ ಅಲ್ಲಾಡಿಸಿ, ಕಾಫಿ ಫಿಲ್ಟರ್ ಮೇಲೆ ಸುರಿಯಿರಿ. ಚೂರು ಬರುವುದು ನಿಲ್ಲುವ ತನಕ ಹೀಗೇ. ಕೊನೆಯ ಎರಡು ಸಲ ಡಿಸ್ಟಿಲ್ಡ್. ಫ್ಯಾನ್ ಸ್ಕ್ರೂ ಉದ್ದ ನೋಡಿಕೊಳ್ಳಿ. ಕೆಲವು ರೇಡಿಯೇಟರ್‌ಗಳಲ್ಲಿ ಸ್ಕ್ರೂ ತೂತಿನ ನೇರ ಕೆಳಗೇ ನೀರಿನ ಚಾನೆಲ್ ಇರುತ್ತದೆ, 5 ಎಂಎಂ ಹೆಚ್ಚಾದರೆ ಅದನ್ನೇ ಚುಚ್ಚುತ್ತದೆ.

ಜಿಪಿಯು ಬ್ಲಾಕ್ ಕೊಳ್ಳುವ ಮೊದಲು ಕಾರ್ಡ್‌ನ ಪೂರ್ತಿ ಮಾಡೆಲ್ ಹೆಸರು ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ನೋಡಿ. "4080ಗೆ" ಅಂತ ಬರೆದರೆ ಸಾಲದು, ಒಂದೇ ಕಂಪನಿಯ ಎರಡು 4080ಗಳ ಪಿಸಿಬಿ ಬೇರೆ ಇರುತ್ತವೆ. ಕೂಲರ್ ಬಿಚ್ಚಿದರೆ ವಾರಂಟಿ ಉಳಿಯುತ್ತಾ ಅಂತ ಮೊದಲೇ ಕೇಳಿ. ಥರ್ಮಲ್ ಪ್ಯಾಡ್ ದಪ್ಪ ಬ್ಲಾಕ್‌ನ ಕೈಪಿಡಿಯಲ್ಲಿ ಹೇಳಿದಷ್ಟೇ. ಮೆಮೊರಿ ಮೇಲೆ 1 ಎಂಎಂ ಬದಲು 1.5 ಇಟ್ಟರೆ ಬ್ಲಾಕ್ ಎತ್ತಿಕೊಂಡು ಕೋರ್‌ಗೆ ಸರಿಯಾಗಿ ತಾಗುವುದಿಲ್ಲ. ಲಕ್ಷಣ: ಮಾಮೂಲಿ ಕೋರ್ 55 ಇದ್ದರೂ ಹಾಟ್‌ಸ್ಪಾಟ್ 95 ತೋರಿಸುತ್ತದೆ. ಸ್ಕ್ರೂಗಳನ್ನು ಎದುರುಬದುರು ಕ್ರಮದಲ್ಲಿ ಅರ್ಧರ್ಧ ಸುತ್ತು.

ಫಿಟಿಂಗ್ ಎಲ್ಲ ಜಿ 1/4 ಅಳತೆಯ ದಾರ (ಸ್ಕ್ರೂ ಸುತ್ತು) ಇರುವವು. ಓ-ರಿಂಗ್ (ರಬ್ಬರ್ ಬಳೆ) ಒತ್ತಿದ್ದು ಕೈಗೆ ತಿಳಿದ ಮೇಲೆ ಇನ್ನೊಂದು ಚೂರು, ಅಷ್ಟೇ. ಸ್ಪ್ಯಾನರ್ ಹಿಡಿದರೆ ಅಕ್ರಿಲಿಕ್ ಸೀಳುತ್ತದೆ. ಟೆಫ್ಲಾನ್ ಟೇಪ್ ಬೇಡ, ಸೀಲ್ ಮಾಡುವುದು ಓ-ರಿಂಗ್, ದಾರ ಅಲ್ಲ. ಅಕ್ರಿಲಿಕ್ ಭಾಗವನ್ನು ಸ್ಪಿರಿಟ್, ಸ್ಯಾನಿಟೈಸರ್‌ನಿಂದ ಒರೆಸಬೇಡಿ, ಕೂದಲೆಳೆ ಬಿರುಕು ಬರುತ್ತದೆ. ಲೂಪ್‌ನ ಅತಿ ಕೆಳಗಿನ ಬಿಂದುವಿನಲ್ಲಿ ಒಂದು ಟಿ, ಒಂದು ಬಾಲ್ ವಾಲ್ವ್, ಅದರ ಬಾಯಿಗೆ ಸ್ಟಾಪ್ ಪ್ಲಗ್. ಇದನ್ನು ಬಿಟ್ಟವರು ಮೊದಲ ಸಲ ನೀರು ಬದಲಿಸುವಾಗ ಕೇಸನ್ನು ಬಾತ್‌ರೂಮಿಗೆ ಹೊರುತ್ತಾರೆ.

ನೀರು ಹಾಕುವ ಮೊದಲು ಗಾಳಿ. ಮೀಟರ್ ಇರುವ ಲೀಕ್ ಟೆಸ್ಟರ್‌ನಿಂದ 0.5 ಬಾರ್ ತುಂಬಿ ಅರ್ಧ ಗಂಟೆ ಬಿಡಿ. ಇಲ್ಲೊಂದು ಗೊಂದಲ ಆಗುತ್ತದೆ: ರೂಮಿನ ಉಷ್ಣತೆ 3 ಡಿಗ್ರಿ ಇಳಿದರೆ ಸೋರಿಕೆ ಇಲ್ಲದೆಯೂ ಮುಳ್ಳು 0.015 ಬಾರ್‌ನಷ್ಟು ಇಳಿಯುತ್ತದೆ. ಆದ್ದರಿಂದ ಪರೀಕ್ಷೆ ವೇಳೆ ಏರ್ ಕೂಲರ್ ಆನ್-ಆಫ್ ಮಾಡಬೇಡಿ. 0.05 ಇಳಿದರೆ ಸೋರಿಕೆಯೇ. ಸೋಪಿನ ನೀರು ಹಚ್ಚುವುದಾದರೆ ಬೋರ್ಡ್ ಹೊರಗಿರುವ ಜಾಯಿಂಟ್‌ಗೆ ಮಾತ್ರ. ಮೀಟರ್ ಇಲ್ಲದ ಸೈಕಲ್ ಪಂಪ್ ಹಾಕಿ ರಿಸರ್ವಾಯರ್ ಒಡೆದುಕೊಳ್ಳಬೇಡಿ.

ತುಂಬುವಾಗ 24 ಪಿನ್, ಸಿಪಿಯು 8 ಪಿನ್, ಜಿಪಿಯು ಕೇಬಲ್ ಮೂರನ್ನೂ ಕಳಚಿ. ಪಿಎಸ್‌ಯುಗೆ ಜಂಪರ್ ಪ್ಲಗ್ (ಬೋರ್ಡ್ ಇಲ್ಲದೆಯೂ ಅದನ್ನು ಆನ್ ಮಾಡುವುದು) ಹಾಕಿ ಪಂಪ್‌ಗೆ ಮಾತ್ರ ಪವರ್. ರಿಸರ್ವಾಯರ್ ತುಂಬಿ, 3-4 ಸೆಕೆಂಡ್ ಪಂಪ್ ಓಡಿಸಿ, ನೀರು ಕೆಳಗಿಳಿದ ಕೂಡಲೇ ಆಫ್, ಮತ್ತೆ ತುಂಬಿ. ಡಿ5ನ ಬೇರಿಂಗ್‌ಗೆ ನೀರೇ ಎಣ್ಣೆ, ಒಣಗಿ ಓಡಿದರೆ ಸವೆಯುತ್ತದೆ. ಸುತ್ತು ಬಂದ ಮೇಲೆ ಕೇಸನ್ನು ಮುಂದೆ-ಹಿಂದೆ, ಎಡ-ಬಲ ವಾಲಿಸಿ. ಗುಳುಗುಳು ಸದ್ದು ರೇಡಿಯೇಟರ್‌ನಲ್ಲಿ ಸಿಕ್ಕ ಗಾಳಿ. ಜಾಯಿಂಟ್‌ಗಳ ಕೆಳಗೆ ಟಿಶ್ಯೂ ಇಟ್ಟು ಒಂದು ರಾತ್ರಿ ಹೀಗೇ ಓಡಲಿ. ಕೊನೆಯಲ್ಲಿ ರಿಸರ್ವಾಯರ್ ಮೇಲೆ 20-30 ಎಂಎಲ್ ಜಾಗ ಬಿಡಿ. 25ರಿಂದ 55 ಡಿಗ್ರಿಗೆ ಒಂದು ಲೀಟರ್ ನೀರು 11 ಎಂಎಲ್ ಉಬ್ಬುತ್ತದೆ, ಬಾಯಿತನಕ ತುಂಬಿದರೆ ಆ ಒತ್ತಡ ಓ-ರಿಂಗ್ ಮೇಲೆ ಬೀಳುತ್ತದೆ.

ಕರಾವಳಿ ಕಂಪ್ಯೂಟರ್:

ಫ್ಯಾನ್ ವೇಗದ ವಿಷಯ ಬಿಟ್ಟಿದ್ದೀರಿ, ಅವರ ಮೂಲ ದೂರು ಸದ್ದಿನದು. ಫ್ಯಾನ್‌ಗೆ ಸಿಪಿಯು ಉಷ್ಣತೆ ತೋರಿಸಬೇಡಿ. 7950ಎಕ್ಸ್ ಒಂದು ಫೈಲ್ ತೆರೆದರೂ ಕ್ಷಣದಲ್ಲಿ 20 ಡಿಗ್ರಿ ಹಾರುತ್ತದೆ, ಫ್ಯಾನೂ ಅದರ ಹಿಂದೆ ಓಡುತ್ತದೆ. ಲೂಪ್‌ನಲ್ಲಿ 10ಕೆ (10 ಸಾವಿರ ಓಮ್) ಉಷ್ಣತೆ ಸೆನ್ಸರ್ ಇರುವ ಒಂದು ಪ್ಲಗ್ ಹಾಕಿ, ಬೋರ್ಡ್‌ನ ಎರಡು ಪಿನ್ ಟೆಂಪರೇಚರ್ ಹೆಡರ್‌ಗೆ ಸೇರಿಸಿ. ಇನ್ನೊಂದು 10ಕೆ ಸೆನ್ಸರ್ ಮುಂದಿನ ಜಾಲರಿ ಹತ್ತಿರ, ಗಾಳಿಗೆ. ಎರಡು ಹೆಡರ್ ಇರುವ ಬೋರ್ಡ್ ಆಗಿರಬೇಕು ಅಷ್ಟೇ. ಫ್ಯಾನ್ ಕಂಟ್ರೋಲ್ ಅನ್ನುವ ಉಚಿತ ತಂತ್ರಾಂಶದಲ್ಲಿ ನೀರಿನದರಿಂದ ಗಾಳಿಯದನ್ನು ಕಳೆದು ಆ ವ್ಯತ್ಯಾಸಕ್ಕೆ ಕರ್ವ್ ಕೊಡಬಹುದು: 3 ಡಿಗ್ರಿಗೆ 600 ಆರ್‌ಪಿಎಂ, 8ಕ್ಕೆ 1100, 12ಕ್ಕೆ 1500. ನೀರಿನ ಉಷ್ಣತೆಯನ್ನೇ ನೇರ ಕೊಟ್ಟರೆ ಡಿಸೆಂಬರ್‌ಗೆ ಸರಿಹೋದ ಕರ್ವ್ ಮೇನಲ್ಲಿ ಪಿಸಿ ಸುಮ್ಮನಿದ್ದರೂ ಫ್ಯಾನ್ ಕಿರುಚಿಸುತ್ತದೆ. ಇದರ ಜೊತೆ ನೀರು 55 ದಾಟಿದರೆ ಎಲ್ಲ ಫ್ಯಾನ್ ಪೂರ್ತಿ ವೇಗ ಅಂತ ಒಂದು ಪ್ರತ್ಯೇಕ ನಿಯಮ ಇರಲಿ. ಪಂಪ್ ಶೇಕಡಾ 60ರಲ್ಲಿ ಸ್ಥಿರವಾಗಿ ಬಿಡಿ.

ಬಳ್ಳಾರಿ ಬಿಸಿಲು:

ಲಿಸ್ಟ್ ಹೀಗೆ ಮಾಡಿದೆ: ತಾಮ್ರದ 360 × 30 ಎಂಎಂ ಎರಡು, ಡಿ5 + ರಿಸರ್ವಾಯರ್ ಕಾಂಬೊ, ನಿಕಲ್ ಸಿಪಿಯು ಬ್ಲಾಕ್, ಜಿಪಿಯು ಬ್ಲಾಕ್, ಇಪಿಡಿಎಂ 3 ಮೀಟರ್, ಕಂಪ್ರೆಷನ್ ಫಿಟಿಂಗ್ 10, 90 ಡಿಗ್ರಿ ತಿರುಗುವ ಫಿಟಿಂಗ್ 4, ಟಿ, ವಾಲ್ವ್, ಬೆಳ್ಳಿ ಸುರುಳಿ 1, ಸೆನ್ಸರ್ 2, ಕೂಲಂಟ್ 2 ಲೀಟರ್. ಫ್ಯಾನ್ 120 ಎಂಎಂ ಆರು, 140 ಒಂದು.

ಸ್ಕ್ರೂಡ್ರೈವರ್:

ಬೆಳ್ಳಿ ಸುರುಳಿ ತೆಗೆಯಿರಿ. ನಿಕಲ್ ಲೇಪದ ಬ್ಲಾಕ್ ಜೊತೆ ಅದು ಜಗಳ, ಕೂಲಂಟ್‌ನಲ್ಲೇ ಪಾಚಿತಡೆ ಇರುತ್ತದೆ.

ಫಿಟಿಂಗ್ ಲೆಕ್ಕ ಒಂದು ಸಾಲದು. ಐದು ಭಾಗಕ್ಕೆ ಎರಡರಂತೆ ಹತ್ತು ಸರಿ, ಆದರೆ ಟಿ ಅನ್ನು ಟ್ಯೂಬ್ ಮಧ್ಯೆ ಹಾಕಿದರೆ ಅದಕ್ಕೆ ಇನ್ನೆರಡು ಬೇಕು. ಟಿ ಅನ್ನು ಪಂಪ್‌ನ ಹೊರಬಾಯಿಗೇ ಕೂರಿಸಿದರೆ ಹೆಚ್ಚುವರಿ ಬೇಡ, ಗಂಡು-ಗಂಡು ತಿರುಗುವ ಅಡಾಪ್ಟರ್ ಒಂದು ಸಾಕು. ವಾಲ್ವ್‌ಗೆ ಇನ್ನೊಂದು. ಹೇಗಾದರೂ ಎರಡು ಫಿಟಿಂಗ್, ನಾಲ್ಕು ಸ್ಟಾಪ್ ಪ್ಲಗ್ ಹೆಚ್ಚಿಗೆ ತನ್ನಿ, ಒಂದು ಓ-ರಿಂಗ್ ಕಿತ್ತುಹೋದರೆ ಕೊರಿಯರ್‌ಗೆ ವಾರ ಕಾಯಬೇಕಾಗುತ್ತದೆ.

ಮೇಲಿನ ರೇಡಿಯೇಟರ್ 30 + ಫ್ಯಾನ್ 25 = 55 ಎಂಎಂ. ಕೇಸ್ ಛಾವಣಿಯಿಂದ ಬೋರ್ಡ್‌ನ ವಿಆರ್‌ಎಂ ಹೀಟ್‌ಸಿಂಕ್‌ಗೂ ರ‍್ಯಾಮ್ ತುದಿಗೂ ಅಷ್ಟು ಇದೆಯಾ ಅಂತ ಸ್ಕೇಲ್ ಹಿಡಿದು ಅಳೆದು ಆಮೇಲೆ ಆರ್ಡರ್ ಮಾಡಿ. ಮುಂದಿನ ರೇಡಿಯೇಟರ್‌ಗೂ 4080 ಕಾರ್ಡಿನ ಮೂತಿಗೂ ಇರುವ ಅಂತರವನ್ನು ಈಗಿನ ಕೂಲರ್ ಜೊತೆ ಅಳೆಯಬೇಡಿ. ಬ್ಲಾಕ್ ಹಾಕಿದ ಮೇಲೆ ಕಾರ್ಡ್ ಬಹಳ ಮಟ್ಟಿಗೆ ಗಿಡ್ಡವಾಗುತ್ತದೆ, ಬ್ಲಾಕ್‌ನ ಡ್ರಾಯಿಂಗ್‌ನಲ್ಲಿರುವ ಉದ್ದ ನೋಡಿ.